ಕೊಟ್ಟವರು ಉಣ್ಣದ ಮನೆ

ಮೈಲಾಪೂರ್, ಚೆನ್ನೈ
೧೪ ಜೂನ್ ೨೦೦೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪ್ರಮೋದಾ,

ಮೊದಲು ನಿನ್ನ ಆರೋಗ್ಯದ ಮಾತು. ಗುಂತಕಲ್ಲಿನ ಬಿಸಿಲು ಸ್ವಲ್ಪ ಇಳಿದಿದೆಯೇ? ಬೆವರಿದಾಗ ಹೊಟ್ಟೆಯ ಮೇಲಿನ ಗಾಯದ ಗೆರೆ ನವೆಯಾಗುತ್ತದೆ ಎಂದು ಪ್ರೇರಣಾ ಹೇಳಿದ್ದಳು. ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲ ಹೆಂಡತಿಗೆ ಹೂಂ ಅಂದು ಮರೆತುಬಿಡುತ್ತಿದ್ದೀಯಾ? ಭಾರ ಎತ್ತಬೇಡ ಎಂದಾಗಲೆಲ್ಲ ನೀನು, ಪಾರ್ಸಲ್ ಆಫೀಸಿನಲ್ಲಿ ಭಾರ ಎತ್ತುವವರು ಬೇರೆ ಇದ್ದಾರೆ ಅತ್ತಿಗೆ, ನಾನು ಎತ್ತುವುದು ರಬ್ಬರ್ ಸ್ಟಾಂಪು ಮಾತ್ರ ಎನ್ನುತ್ತೀಯ. ಆದರೂ ಹೇಳುತ್ತೇನೆ. ನಿನ್ನ ಲಿವರಿನಲ್ಲಿ ಕತ್ತರಿಸಿ ತೆಗೆದ ಭಾಗ ಮತ್ತೆ ಬೆಳೆದು ತುಂಬಿಕೊಂಡಿದೆ ಎಂದು ಮಾರ್ಚಿನ ಸ್ಕ್ಯಾನಿನಲ್ಲಿ ಕಂಡಿತಲ್ಲ, ಅದು ತಿಳಿದ ದಿನ ನಾನು ಆಫೀಸಿನಲ್ಲಿ ಯಾರಿಗೂ ಕಾರಣ ಹೇಳದೆ ಕ್ಯಾಂಟೀನಿನಿಂದ ಒಂದು ಜಾಂಗ್ರಿ ತರಿಸಿಕೊಂಡು ತಿಂದೆ. ಇನ್ಶೂರೆನ್ಸ್ ಆಫೀಸಿನವರಿಗೆ ಯಾರ ಮೈಯಲ್ಲಿ ಏನು ಕೆಟ್ಟಿತು ಎನ್ನುವುದಷ್ಟೇ ಬೇಕು. ಬೆಳೆದುಕೊಂಡಿದ್ದರ ಬಗ್ಗೆ ಕೇಳುವವರು ಯಾರಿದ್ದಾರೆ. ಶ್ರೀಕಾಂತ ಶಾಲೆಗೆ ಹೋಗುವಾಗ ಈಗಲೂ ಅಳುತ್ತಾನೆಯೇ?

ಫೋನಿದ್ದೂ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಮ್ಮ ಮಾತು ಈಗ ಹೇಗಾಗಿದೆ ನೋಡು. ಅಣ್ಣ ಹೇಗಿದ್ದಾನೆ ಎಂದು ನೀನು ಕೇಳುತ್ತೀಯ. ಲಿವರ್ ಚೆನ್ನಾಗಿದೆ ಎಂದು ನಾನು ಹೇಳುತ್ತೇನೆ. ಅಷ್ಟು ಹೊತ್ತಿಗೆ ನಿನ್ನ ಹಿಂದೆ ಯಾವುದೋ ಗಾಡಿಯ ಅನೌನ್ಸ್‌ಮೆಂಟ್ ಶುರುವಾಗುತ್ತದೆ, ಗಾಡಿ ಬಂತು ಅತ್ತಿಗೆ ಎಂದು ಇಟ್ಟುಬಿಡುತ್ತೀಯ. ಗುಂತಕಲ್ ದೊಡ್ಡ ಜಂಕ್ಷನ್, ಗಾಡಿಗಳಿಗೇನು ಕೊರತೆ. ಕಾಗದವನ್ನು ನೀನು ಹಾಗೆ ನಡುವೆ ಇಡಲಾರೆ ಎಂದುಕೊಂಡು ಬರೆಯುತ್ತಿದ್ದೇನೆ. ಇವತ್ತು ಮಾನ್ಯಾ ಟ್ಯೂಷನ್ನಿಗೆ ಹೋಗಿದ್ದಾಳೆ, ನಿಮ್ಮಣ್ಣ ಮಲಗಿದ್ದಾರೆ, ಅಮ್ಮ ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದಾರೆ. ಬರೆಯುವುದಕ್ಕೆ ಇಷ್ಟು ಬಿಡುವು ಸಿಕ್ಕಿದ್ದೇ ಹೆಚ್ಚು.

ಲಿವರ್ ನಿಜವಾಗಿಯೂ ಚೆನ್ನಾಗಿದೆ. ಅದು ಸುಳ್ಳಲ್ಲ. ಕಣ್ಣಿನ ಹಳದಿ ಹೋಗಿ ಬಹಳ ಕಾಲವಾಯಿತು, ಹೊಟ್ಟೆಯಲ್ಲಿ ನೀರು ತುಂಬುವುದಿಲ್ಲ, ಕಾಲು ಊದುವುದಿಲ್ಲ. ಪ್ರತಿಸಲ ರಕ್ತಪರೀಕ್ಷೆಯ ರಿಪೋರ್ಟು ನೋಡಿ ಡಾಕ್ಟರು ಮುಖ ಅರಳಿಸಿ, ನಿಮ್ಮ ಮೈದುನನ ಲಿವರ್ ತುಂಬ ಒಳ್ಳೆಯದಮ್ಮ, ಹುಟ್ಟಿದಂದಿನಿಂದ ಇಲ್ಲೇ ಇತ್ತೇನೋ ಅನ್ನುವ ಹಾಗೆ ಕೂತುಬಿಟ್ಟಿದೆ ಎನ್ನುತ್ತಾರೆ. ಅವರು ಹಾಗೆ ಹೇಳುವಾಗ ಇವರು ಪಕ್ಕದ ಕುರ್ಚಿಯಲ್ಲಿ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಾರೆ. ಬಾಯಿಯ ಬಲಗಡೆಯಿಂದ ಜೊಲ್ಲು ಇಳಿದರೆ ನಾನು ಒರೆಸುತ್ತೇನೆ. ಲಿವರಿನ ಡಾಕ್ಟರು ಅಷ್ಟು ನೋಡಿ, ಮೆದುಳಿನ ಡಾಕ್ಟರು ಎರಡನೇ ಮಹಡಿಯಲ್ಲಿದ್ದಾರೆ ಎಂದು ಚೀಟಿ ಬರೆದುಕೊಡುತ್ತಾರೆ.

ಈಗ ಕೋಲು ಹಿಡಿದು ಬಾಲ್ಕನಿಯವರೆಗೆ ನಡೆಯುತ್ತಾರೆ. ಬಲಗಾಲನ್ನು ಎಳೆದು ಹಾಕಬೇಕು. ಬಲಗೈ ಭುಜದವರೆಗೆ ಏಳುತ್ತದೆ, ಬೆರಳು ಬಿಚ್ಚುವುದಿಲ್ಲ. ಪೆರುಂಗುಡಿಯ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದ ಕೈ ಅದು. ಅಲ್ಲಿಯ ಸ್ನೇಹಿತರು ಮೊದಮೊದಲು ಶನಿವಾರ ಶನಿವಾರ ಬರುತ್ತಿದ್ದರು. ಇವರಿಗೆ ಮಾತು ಬರುವುದಿಲ್ಲ, ಅವರು ನನ್ನ ಮುಖ ನೋಡಿಕೊಂಡು ತಮ್ಮ ಆಫೀಸಿನ ಸುದ್ದಿ ಹೇಳಬೇಕು, ಹಾಗೆ ಎಷ್ಟು ದಿನ ಹೇಳಿಯಾರು. ಯುಗಾದಿಯಿಂದೀಚೆಗೆ ಯಾರೂ ಬಂದಿಲ್ಲ. ನಾನು ಅವರ ಮೇಲೆ ಬೇಸರಪಟ್ಟುಕೊಂಡಿಲ್ಲ.

ಮಾತಿನ ಸುದ್ದಿ ನಿನಗೆ ಸರಿಯಾಗಿ ಹೇಳಿಲ್ಲ. ಇವರಿಗೆ ಕೇಶವನಾಮ ಪೂರ್ತಿ ಬರುತ್ತದೆ. ಕೇಶವ ನಾರಾಯಣದಿಂದ ಶ್ರೀಕೃಷ್ಣನವರೆಗೆ ಇಪ್ಪತ್ನಾಲ್ಕು ಹೆಸರೂ ಒಂದರ ಹಿಂದೆ ಒಂದು, ತಡವರಿಸದೆ, ಮೊದಲಿನ ಅದೇ ಗಂಟಲಿನಲ್ಲಿ. ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಅಮ್ಮ ಪಕ್ಕದಲ್ಲಿ ಕೂತು ಆಚಮನ ಮಾಡಿಸುತ್ತ ಕೇಶವಾಯ ಸ್ವಾಹಾ ಎಂದರು, ಇವರು ಮುಂದಿನದನ್ನೆಲ್ಲ ಹೇಳಿಕೊಂಡು ಹೋದರು. ಅಮ್ಮ ಕೆಳಗಿನ ಮನೆಯ ಅಂಬುಜಮ್ಮನನ್ನು ಕೂಗಿ ಕರೆದು ಕೇಳಿಸಿದರು. ಅಂಬುಜಮ್ಮ ಕಣ್ಣೊರೆಸಿಕೊಂಡು ಇನ್ನೇನು, ಮಾತು ಬಂದ ಹಾಗೇ ಎಂದರು. ನಾನು ಅಂದು ಆಫೀಸಿಗೆ ರಜ ಹಾಕಿದೆ. ಆಮೇಲೆ ಮಾತು ಕಲಿಸುವ ಹುಡುಗಿ ಬಂದಾಗ ತಿಳಿಸಿ ಹೇಳಿದಳು, ಬಾಯಿಪಾಠ ಇರುವುದು ಮೆದುಳಿನ ಒಂದು ಕಡೆ, ಮಾತು ಇರುವುದು ಇನ್ನೊಂದು ಕಡೆ. ಬಾಯಿಪಾಠ ಉಳಿದವರು ತುಂಬ ಜನ ಇದ್ದಾರೆ, ಅದನ್ನು ಮಾತು ಎಂದು ತಿಳಿಯಬೇಡಿ ಅಂತ. ಇಪ್ಪತ್ನಾಲ್ಕು ಹೆಸರು ಹೇಳಬಲ್ಲವರು ನೀರು ಬೇಕು ಎಂದು ಹೇಳಲಾರರು. ಹೇಳಲು ಹೋದರೆ ಆ ಹೆಸರುಗಳಲ್ಲೇ ಯಾವುದೋ ಒಂದು ಬರುತ್ತದೆ. ನೀರಿಗೂ ಮಾಧವ, ಫ್ಯಾನಿಗೂ ಮಾಧವ, ಬಾತ್‌ರೂಮಿಗೆ ಅವಸರವಾದರೂ ಮಾಧವ. ಮಾನ್ಯಾಳ ತಮಾಷೆ ಕೇಳು, ಎನ್ನಪ್ಪಾ, ಇದು ಎಂದ ಮಾಧವ, ತಣ್ಣಿ ಮಾಧವನಾ, ಫ್ಯಾನ್ ಮಾಧವನಾ ಎನ್ನುತ್ತಾಳೆ, ಇದು ಯಾವ ಮಾಧವ, ನೀರಿನದೋ ಫ್ಯಾನಿನದೋ ಅಂತ. ಅವಳು ನಮಗೆ ಉತ್ತರ ಕೊಡುವುದು ಯಾವಾಗಲೂ ತಮಿಳಿನಲ್ಲೇ ಅಲ್ಲವೇ, ಅಪ್ಪನ ಜತೆಯೂ ಹಾಗೇ. ಇವರಿಗೆ ನಗು ಬರುತ್ತದೆ. ನಗು ಕೆಡಲಿಲ್ಲ, ಅದೊಂದು ಪುಣ್ಯ. ಯಾರ ಹೆಸರೂ ಬರುವುದಿಲ್ಲ. ನನ್ನದೂ ಬರುವುದಿಲ್ಲ, ನಿನ್ನದೂ ಬರುವುದಿಲ್ಲ. ನೀನು ಬೇಸರ ಮಾಡಿಕೊಳ್ಳಬಾರದೆಂದು ಹೇಳುತ್ತಿದ್ದೇನೆ, ಮಾರ್ಚಿನಲ್ಲಿ ನೀನು ಬಂದಾಗ ನಿನ್ನನ್ನು ನೋಡಿ ವಾಮನ ಎಂದಿದ್ದು ನಿನ್ನನ್ನು ಗುರುತಿಸದೆ ಅಲ್ಲ.

ಆ ಮಾರ್ಚಿನ ಮಾತಿಗೇ ಬರುತ್ತೇನೆ. ನೀನು ಚೆಕಪ್ಪಿಗೆ ಬಂದವನು ನೇರ ಆಸ್ಪತ್ರೆಗೆ ಹೋಗಿ, ಸಂಜೆ ಗಾಡಿಗೆ ಮುಂಚೆ ಅರ್ಧ ಗಂಟೆ ಇಲ್ಲಿಗೆ ಬಂದೆ. ಕುರ್ಚಿಯ ತುದಿಯಲ್ಲಿ ಕೂತೆ. ಊಟ ಸೆಂಟ್ರಲ್ ಹತ್ತಿರ ಹೋಟೆಲಿನಲ್ಲಿ ಆಯಿತು ಎಂದೆ. ಕಾಫಿ ತಂದರೆ, ಈಗ ಬಿಟ್ಟಿದ್ದೀನಿ ಅತ್ತಿಗೆ ಎಂದೆ. ಬ್ಯಾಗಿನಿಂದ ರೈಲ್ವೆ ನೀರಿನ ಬಾಟಲು ತೆಗೆದು ಕುಡಿದು ಮತ್ತೆ ಬ್ಯಾಗಿನಲ್ಲೇ ಇಟ್ಟುಕೊಂಡೆ. ಇಂಥದ್ದನ್ನೆಲ್ಲ ನಂಬದ ನಾನು ಅಂದು ನಿನ್ನನ್ನು ಒತ್ತಾಯ ಮಾಡಲಿಲ್ಲ, ಲೋಟ ಒಳಗೆ ತೆಗೆದುಕೊಂಡು ಹೋದೆ. ನೀನು ಯಾಕೆ ಕುಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ನಿನಗೂ ಗೊತ್ತಿತ್ತು. ನೀನು ಮೆಟ್ಟಿಲಿಳಿದು ಹೋದ ಮೇಲೆ ಇವರು ಕೋಲಿನಿಂದ ನೀನು ಕೂತಿದ್ದ ಕುರ್ಚಿಯ ಕಾಲನ್ನು ಕುಟ್ಟುತ್ತ, ಗೋವಿಂದ, ಗೋವಿಂದ ಎನ್ನುತ್ತಲೇ ಇದ್ದರು. ಅದು ಯಾವ ಗೋವಿಂದ ಎಂದು ಆವತ್ತು ಮಾನ್ಯಾ ತಮಾಷೆ ಮಾಡಲಿಲ್ಲ.

ಈಗ ನಾನು ಬರೆಯಬೇಕೆಂದಿರುವುದು. ಆಪರೇಷನ್ನಿಗೆ ಮುಂಚಿನ ವಾರ ನಾವೆಲ್ಲ ಇದೇ ಹಾಲಿನಲ್ಲಿ ಕೂತಿದ್ದಾಗ ಅಮ್ಮ ಹುರುಳಿಕಾಯಿ ಮುರಿಯುತ್ತ ತಮ್ಮ ಅಪ್ಪನ ಕಥೆ ಹೇಳಿದರಲ್ಲ. ಮಗಳನ್ನು ಕನ್ಯಾದಾನ ಮಾಡಿಕೊಟ್ಟ ಮನೆ ಎಂದು ನಿಮ್ಮ ತಾತ ಬಳ್ಳಾರಿಯಿಂದ ಬರುವಾಗ ತಂಬಿಗೆಯಲ್ಲಿ ತಮ್ಮ ನೀರು ತಂದುಕೊಂಡು, ತಿರುವಲ್ಲಿಕ್ಕೇಣಿಯ ಮಠದಲ್ಲಿ ಉಂಡು, ಮಗಳ ಮನೆಯಲ್ಲಿ ಬರೀ ಕೂತು ಹೋಗುತ್ತಿದ್ದರಂತೆ. ಮಗಳಿಗೆ ಮಗು ಆಗುವ ತನಕ ದಾನ ಕೊಟ್ಟ ಮನೆಯಲ್ಲಿ ಉಣ್ಣಬಾರದು. ನಿಮ್ಮಣ್ಣನ ನಾಮಕರಣದ ದಿನ ಮೊದಲು ಎಲೆಯ ಮುಂದೆ ಕೂತು ಮೂರು ಸಲ ಪಾಯಸ ಹಾಕಿಸಿಕೊಂಡರಂತೆ. ಕಥೆ ಮುಗಿಸಿ ಅಮ್ಮ ನಿನ್ನ ಕಡೆ ತಿರುಗಿ, "ಏ ಪ್ರಮೋದಾ, ನೀನೂ ಇನ್ಮೇಲೆ ಈ ಮನೇಲಿ ನೀರು ಮುಟ್ಟಬಾರ್ದು ನೋಡು, ನಿಂದೂ ದಾನವೇ," ಎಂದರು. ನೀನು, "ಹಾಗಾದ್ರೆ ಅಣ್ಣ ಒಂದು ಹೆರೋ ತನಕ ನಂಗೆ ಹೋಟ್ಲೇ ಗತಿ ಅನ್ನು," ಎಂದೆ. ಇವರಿಗೆ ಆಗ ಹೊಟ್ಟೆಯ ತುಂಬ ನೀರು, ಉಸಿರೂ ಕಷ್ಟ. ಆದರೂ ಎರಡು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ಈ ಹೊಟ್ಟೆ ನೋಡಿದ್ರೆ ಜಾಸ್ತಿ ದಿನ ಕಾಯಬೇಕಾಗಿಲ್ಲ ಕಣೋ," ಎಂದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ದಿನ ನಾವು ನಾಲ್ವರೂ ಹೆದರಿದ್ದೆವು, ಅದಕ್ಕೇ ಅಷ್ಟು ನಕ್ಕೆವು. ಇವರ ಗಟ್ಟಿ ಧ್ವನಿಯಲ್ಲಿ ನನಗೆ ಸ್ಪಷ್ಟವಾಗಿ ನೆನಪಿರುವ ಕೊನೆಯ ಪೂರಾ ವಾಕ್ಯ ಅದು.

ಆಪರೇಷನ್ ಚೆನ್ನಾಗಿಯೇ ಆಯಿತು. ನೀನು ಮೊದಲು ಚೇತರಿಸಿಕೊಂಡೆ, ನಿನ್ನನ್ನು ಮನೆಗೆ ಕಳಿಸಿದರು. ಇವರು ಇನ್ನೂ ಐಸಿಯುವಿನಲ್ಲಿ. ನಿನ್ನನ್ನು ಟ್ಯಾಕ್ಸಿಯಲ್ಲಿ ಮೈಲಾಪೂರಿಗೆ ಕರೆದುಕೊಂಡು ಬಂದವಳು ನಾನೇ. ಅಮ್ಮ ಮೆತ್ತಗಿನ ಅನ್ನ, ಸಾರು, ಪಡವಲಕಾಯಿ ಪಲ್ಯ ಮಾಡಿ, ಮಗ ಮನೆಗೆ ಬಂದನಲ್ಲ ಎಂದು ಒಂದಿಷ್ಟು ಹೆಸರುಬೇಳೆ ಪಾಯಸವನ್ನೂ ಮಾಡಿದ್ದರು. ನಿನಗೆ ಹಸಿವಿರಲಿಲ್ಲ, ಅವರಿಗಾಗಿ ಉಂಡೆ. ಆಪರೇಷನ್ನಿಗೆ ಮುಂಚಿನ ಆ ತಮಾಷೆ ನಮ್ಮಲ್ಲಿ ಯಾರಿಗೂ ನೆನಪೇ ಇರಲಿಲ್ಲ. ನೀನು ಕೈ ತೊಳೆಯುತ್ತಿದ್ದೆ, ಆಸ್ಪತ್ರೆಯಿಂದ ಫೋನು ಬಂತು. ಮೆದುಳಿನೊಳಗೆ ರಕ್ತಸ್ರಾವ ಆಗಿದೆ, ಕೂಡಲೇ ಬನ್ನಿ. ನಾನು ಚಪ್ಪಲಿ ಹುಡುಕುತ್ತಿದ್ದೆ. ಅಮ್ಮ ನೀನು ಉಂಡ ಎಲೆಯನ್ನು ಮಡಿಚಿ ಕೈಯಲ್ಲಿ ಹಿಡಿದು ನಿಂತವರು, ಯಾರನ್ನೂ ನೋಡದೆ, "ಎಲೆ ಹಾಕಬಾರ್ದಾಗಿತ್ತು," ಎಂದರು. ಅಷ್ಟೇ. ನೀನು ಕೇಳಿಸಿಕೊಂಡೆ. ಮರುದಿನ ಇಲ್ಲಿ ಎರಡನೇ ಮಹಡಿ, ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ ಎಂದು ಪ್ರೇರಣಾಳ ಅಕ್ಕ ಉಷಾ ಅವರ ಮನೆಗೆ, ಕ್ರೋಂಪೇಟೆಗೆ ಹೋದೆ. ಅಲ್ಲಿಂದಲೇ ಗುಂತಕಲ್ಲಿಗೆ ಹೋದೆ. ಕ್ರೋಂಪೇಟೆಯ ಮನೆಯೂ ಮಹಡಿಯ ಮೇಲೆಯೇ ಇದೆ ಎಂದು ನನಗೆ ಆಮೇಲೆ ತಿಳಿಯಿತು.

ಆ ಮಾತು ಯಾರ ಮೇಲೆ ಎಂದು ನೀನು ತೀರ್ಮಾನ ಮಾಡಿಕೊಂಡುಬಿಟ್ಟೆ. ಅಮ್ಮನನ್ನು ಕೇಳಲಿಲ್ಲ. ಎಲೆ ಹಾಕಿದವರು ಯಾರು, ಪ್ರಮೋದಾ? ನೀನು ಹಾಕಿಕೊಂಡೆಯಾ? ಅವರು ಅಂದದ್ದು ತಮಗೆ ತಾವೇ. ಅದು ನನಗೂ ತಕ್ಷಣ ತಿಳಿಯಲಿಲ್ಲ. ಇವರನ್ನು ಮನೆಗೆ ಕರೆತಂದ ಮೇಲೆ ಕಣ್ಣಿಗೆ ಬಿತ್ತು. ಅಮ್ಮ ಈಗಲೂ ಅಡಿಗೆ ಮಾಡುತ್ತಾರೆ, ಮಡಿಯಲ್ಲೇ, ಮೊದಲಿನಷ್ಟೇ ರುಚಿಯಾಗಿ. ಆದರೆ ಬಡಿಸುವುದಿಲ್ಲ. ಪಾತ್ರೆಗಳನ್ನೆಲ್ಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಮುಚ್ಚಳ ಮುಚ್ಚಿ, ವೃಂದಾ ಆಯ್ತು ನೋಡು ಎಂದು ಹೇಳಿ ದೇವರ ಮನೆಗೆ ಹೋಗಿಬಿಡುತ್ತಾರೆ. ನಾನು ಮದುವೆಯಾಗಿ ನಂಜನಗೂಡಿನಿಂದ ಬಂದ ಹೊಸದರಲ್ಲಿ ಈ ಮನೆಯಲ್ಲಿ ಸೌಟು ಮುಟ್ಟಲು ನನಗೆ ಎಷ್ಟು ವರ್ಷ ಬೇಕಾಯಿತು ಎಂದು ನಿನಗೆ ಗೊತ್ತು. ಆ ಅಮ್ಮ ಈಗ ಮೊಮ್ಮಗಳಿಗೆ ಒಂದು ಮಿಳ್ಳೆ ತುಪ್ಪ ಹಾಕಬೇಕಾದರೂ ನನ್ನನ್ನು ಕರೆಯುತ್ತಾರೆ. ಮಗ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ನೋಡಲಾರದೆ ಹೋಗುತ್ತಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಒಂದು ದಿನ ನೇರವಾಗಿ ಕೇಳಿದೆ. ನನ್ನ ಕೈ ಬೇಡ ಎಂದರು.

ಡಾಕ್ಟರು ನನಗೆ ವಿವರಿಸಿದ್ದನ್ನು ಅವರಿಗೆ ಹೇಳಿದೆ, ನಿನಗೂ ಹೇಳುತ್ತೇನೆ. ಲಿವರ್ ಕೆಟ್ಟಿದ್ದ ವರ್ಷಗಳಲ್ಲೇ ಇವರ ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿ ಕುಂದಿತ್ತು. ಆಪರೇಷನ್ನಿನ ಮೇಲೆ ಪ್ಲೇಟ್‌ಲೆಟ್ ಇನ್ನೂ ಇಳಿಯಿತು. ಹೊಸ ಲಿವರನ್ನು ಮೈ ತಳ್ಳಿಹಾಕದಿರಲೆಂದು ಕೊಡುವ ಔಷಧಿಯಿಂದ ಬಿಪಿ ಏರುತ್ತದೆ. ಇದೆಲ್ಲ ಕೂಡಿದಾಗ ಕೆಲವರಿಗೆ ಮೆದುಳಿನ ರಕ್ತನಾಳ ಒಡೆಯುವುದುಂಟು. ಆಪರೇಷನ್ನಿಗೆ ಮುಂಚೆಯೇ ನಮ್ಮನ್ನು ಕೂರಿಸಿಕೊಂಡು ಇದನ್ನು ಹೇಳಿದ್ದರು, ನಾವೂ ತಲೆಯಾಡಿಸಿದ್ದೆವು. ಒಡೆದ ಮೇಲೆ ತಲೆ ತೆರೆದು ಆಪರೇಷನ್ ಮಾಡುವಂತಿರಲಿಲ್ಲ, ರಕ್ತ ನಿಲ್ಲುತ್ತಿರಲಿಲ್ಲ. ಪ್ಲೇಟ್‌ಲೆಟ್ ಏರಿಸಿ, ಬಿಪಿ ಇಳಿಸಿ ಕಾದರು. ಅಷ್ಟು ಗಲಾಟೆಯಲ್ಲೂ ನಿನ್ನ ಲಿವರ್ ಒಂದು ದಿನವೂ ಮುನಿಸಿಕೊಳ್ಳಲಿಲ್ಲ, ಅದಿಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದದ್ದನ್ನು ಯಾರು ಮಾಡುತ್ತಿದ್ದರು ಎಂದರು ಡಾಕ್ಟರು. ಇದನ್ನು ನೀನು ಎರಡು ಸಲ ಓದಬೇಕು. ನೀನು ಕೊಟ್ಟದ್ದರಿಂದ ಇವರು ಹೀಗಾದದ್ದಲ್ಲ. ನೀನು ಕೊಟ್ಟದ್ದರಿಂದಲೇ ಆ ರಕ್ತ ನಿಂತದ್ದು.

ಅಮ್ಮನಿಗೆ ಇಷ್ಟು ಸಾಲದೆಂದು ನಾನು ಇನ್ನೊಂದು ವಾದವನ್ನೂ ಹೂಡಿದೆ. ಅವತ್ತು ಬೆಳಗಿನ ಜಾವದಿಂದಲೇ ಇವರು ತಲೆ ನೋವು ಎನ್ನುತ್ತಿದ್ದರಂತೆ, ತಿಂಡಿಯ ಹೊತ್ತಿಗೆ ಬಾಯಿ ಒಂದು ಕಡೆಗೆ ಸರಿದದ್ದನ್ನು ನರ್ಸ್ ನೋಡಿದ್ದಳು, ಸ್ಕ್ಯಾನ್ ಎಲ್ಲ ಮುಗಿದ ಮೇಲೆ ನಮಗೆ ಫೋನು ಮಾಡಿದ್ದು. ಅಂದರೆ ಎಲೆ ಹಾಕುವುದಕ್ಕೆ ಮುಂಚೆಯೇ ಆಗಿಹೋಗಿತ್ತು. ಇದಕ್ಕೆ ಅಮ್ಮ ಏನೆಂದರು ಗೊತ್ತೇ? "ಬೆಳಗ್ಗೇನೇ ಆಯ್ತು ಅಂತ ಇಟ್ಕೋ. ನಾನು ಪಾಯಸಕ್ಕೆ ಬೇಳೆ ಹಾಕಿದ್ದೂ ಬೆಳಗ್ಗೇನೇ," ಎಂದರು. ಇಂಥವರ ಜತೆ ಹೇಗೆ ವಾದ ಮಾಡುವುದು ಹೇಳು.

ಮಠದ ವಿಷ್ಣುತೀರ್ಥಾಚಾರ್ಯರನ್ನೂ ಮನೆಗೆ ಕರೆಸಿದೆ. ಮಂತ್ರಾಕ್ಷತೆ ಕೊಡುವ ನೆಪದಲ್ಲಿ ಬಂದರು. ವಿಷಯ ಕೇಳಿ ಅವರಿಗೆ ಮೊದಲು ನಗು ಬಂತು, ಅಮ್ಮನ ಮುಖ ನೋಡಿ ನಗಲಿಲ್ಲ. ಕನ್ಯಾದಾನದ ನಿಯಮ ಕನ್ಯಾದಾನಕ್ಕೆ, ಲಿವರಿಗೆ ಯಾವ ಶಾಸ್ತ್ರದಲ್ಲೂ ನಿಯಮ ಇಲ್ಲಮ್ಮ ಎಂದರು. ಅದೂ ಅಲ್ಲದೆ ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ದಾನ ಎನ್ನುವ ಮಾತೇ ಬರುವುದಿಲ್ಲ, ತನ್ನದನ್ನು ತಾನೇ ದಾನ ತೆಗೆದುಕೊಳ್ಳುತ್ತಾರೆಯೇ ಎಂದರು. ಅಮ್ಮ ತಲೆ ಬಗ್ಗಿಸಿ ಕೇಳಿಸಿಕೊಂಡು, ಒಂದೇ ಮನೆ ಎಲ್ಲಿ ಬಂತು ಆಚಾರ್ಯರೇ, ಇವರಪ್ಪ ತೀರಿಕೊಂಡ ವರ್ಷವೇ ಇಬ್ಬರೂ ಪಾಲಾಗಿದ್ದಾರಲ್ಲ ಎಂದರು. ಆಚಾರ್ಯರು ನನ್ನ ಮುಖ ನೋಡಿದರು. ನಿಮ್ಮ ಅತ್ತೆ ಗೋದಾಬಾಯಿಯವರು ನನಗಿಂತ ಚೆನ್ನಾಗಿ ಶಾಸ್ತ್ರ ಓದಿದ್ದಾರೆ ಎಂದು ಹೇಳಿ, ಹಾಲು ಕುಡಿದು ಹೋದರು. ಹಾಲು ಕೊಟ್ಟವಳೂ ನಾನೇ.

ಹಾಗಾಗಿ ಡಾಕ್ಟರಿಂದ ಆಗಲಿಲ್ಲ, ಆಚಾರ್ಯರಿಂದಲೂ ಆಗಲಿಲ್ಲ. ಇದನ್ನು ಬಿಡಿಸುವುದಕ್ಕೆ ನನಗೆ ಒಂದೇ ದಾರಿ ಕಾಣುತ್ತದೆ. ನೀನು ಬಂದು ಈ ಮನೆಯಲ್ಲಿ ಅಮ್ಮನ ಕೈಯಲ್ಲಿ ಬಡಿಸಿಕೊಂಡು ಉಣ್ಣಬೇಕು. ಉಂಡು, ಇಲ್ಲೇ ಮಲಗಿ, ಮರುದಿನ ಬೆಳಿಗ್ಗೆ ಎದ್ದಾಗ ಇವರು ಹಿಂದಿನ ದಿನ ಹೇಗಿದ್ದರೋ ಹಾಗೇ ಇರುವುದನ್ನು ಅಮ್ಮ ಕಣ್ಣಾರೆ ನೋಡಬೇಕು. ನೀನೂ ನೋಡಬೇಕು. ನಿನಗೆ ಹೆದರಿಕೆ ಎಂದು ಗೊತ್ತು. ಅಕಸ್ಮಾತ್ ಆವತ್ತೇ ಏನಾದರೂ ಆದರೆ ಎಂದು ನಾನೂ ಯೋಚಿಸಿದ್ದೇನೆ, ಯೋಚಿಸಿಲ್ಲ ಎಂದರೆ ಸುಳ್ಳಾಗುತ್ತದೆ. ಇನ್ನೊಂದು ಸ್ಟ್ರೋಕ್ ಬರಬಹುದು ಎಂದು ಎರಡನೇ ಮಹಡಿಯ ಡಾಕ್ಟರು ಹೇಳಿಯೇ ಇದ್ದಾರೆ. ಅದು ಯಾವ ದಿನವಾದರೂ ಬರಬಹುದು, ನೀನು ಗುಂತಕಲ್ಲಿನಲ್ಲಿ ಉಪವಾಸವಿದ್ದ ದಿನವೂ ಬರಬಹುದು. ಹಾಗೆ ಬಂದರೆ ನಾನು ನಿನ್ನನ್ನಾಗಲೀ ಅಮ್ಮನನ್ನಾಗಲೀ ಏನೂ ಅನ್ನುವುದಿಲ್ಲ ಎಂದು ಈ ಕಾಗದದಲ್ಲಿ ಬರೆದುಕೊಡುತ್ತಿದ್ದೇನೆ. ಅನ್ನುವ ಅಧಿಕಾರ ಯಾರಿಗಾದರೂ ಇದ್ದರೆ ಅದು ನನಗೆ ತಾನೇ.

ಈ ತಿಂಗಳು ಇಪ್ಪತ್ತೆಂಟು ಭಾನುವಾರ. ಏಕಾದಶಿಯಲ್ಲ, ಪಂಚಾಂಗ ನೋಡಿದ್ದೇನೆ, ಆ ನೆಪ ಹೇಳಬೇಡ. ಅದು ದಾಟಿದರೆ ಚಾತುರ್ಮಾಸ ಹಿಡಿಯುತ್ತದೆ, ಮೊದಲ ತಿಂಗಳು ಅಮ್ಮ ತರಕಾರಿ ಬಿಡುತ್ತಾರೆ, ಆಮೇಲೆ ನಿನಗೆ ಹಾಗಲಕಾಯಿ ಗೊಜ್ಜು ಸಿಗುವುದಿಲ್ಲ. ಶನಿವಾರ ಬಾಂಬೆ ಮೈಲಿಗೆ ಹತ್ತಿದರೆ ಬೆಳಿಗ್ಗೆ ಇಲ್ಲಿರುತ್ತೀಯ. ಪಾಸಿದೆ, ರಜ ಇದೆ, ಇಲ್ಲ ಎನ್ನಬೇಡ. ಸೆಂಟ್ರಲಿನಲ್ಲಿ ಇಡ್ಲಿ ತಿಂದು ಬಂದು ಹೊಟ್ಟೆ ತುಂಬಿದೆ ಅನ್ನಬೇಡ. ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ನೀನು ಬರುತ್ತೇನೆ ಎಂದ ಮೇಲೆ ಹೇಳುತ್ತೇನೆ. ಅವರು ಸೌಟು ಮುಟ್ಟುವುದಿಲ್ಲ ಎಂದು ಹಟ ಮಾಡಬಹುದು. ಆಗ ನೀನು ಎಲೆ ಮುಂದೆ ಕೂತುಕೊಂಡು ಸುಮ್ಮನಿರು, ನಾನು ಒಳಗೆ ಬರುವುದಿಲ್ಲ, ಬಾಲ್ಕನಿಯಲ್ಲಿ ಇವರ ಜತೆ ನಿಂತಿರುತ್ತೇನೆ. ಅನ್ನದ ಮುಂದೆ ಮಗ ಕಾಯುವುದನ್ನು ಅಮ್ಮ ಎಷ್ಟು ಹೊತ್ತು ನೋಡಿಯಾರು.

ನನ್ನ ಸುದ್ದಿ ಹೆಚ್ಚೇನಿಲ್ಲ. ಆಫೀಸು ನಡೆಯುತ್ತಿದೆ. ಲೈಬ್ರರಿಯಿಂದ ತರುವ ಅನುವಾದದ ಕಾದಂಬರಿಗಳನ್ನು ಈಗ ಸಂಜೆ ಇವರಿಗೆ ಓದಿ ಹೇಳುತ್ತೇನೆ. ಪುಸ್ತಕಗಳಲ್ಲಿ ಕಾಯಿಲೆ ಬಿದ್ದವರು ಕೊನೆಯ ಪುಟದೊಳಗೆ ಈ ಕಡೆಗೋ ಆ ಕಡೆಗೋ ಸೇರಿಬಿಡುತ್ತಾರೆ, ಹೀಗೆ ನಡುವೆ ವರ್ಷಗಟ್ಟಲೆ ಇರುವವರ ಬಗ್ಗೆ ಯಾವ ಭಾಷೆಯವರೂ ಹೆಚ್ಚು ಬರೆದಂತಿಲ್ಲ. ಇವರು ಎಷ್ಟು ತಿಳಿದುಕೊಳ್ಳುತ್ತಾರೋ ಗೊತ್ತಿಲ್ಲ. ಪುಟ ಮಗುಚುವುದಕ್ಕೆ ಮಾತ್ರ ಎಡಗೈ ಚಾಚುತ್ತಾರೆ.

ಪ್ರೇರಣಾಗೆ ನನ್ನ ನೆನಪು ತಿಳಿಸು, ಶ್ರೀಕಾಂತನ ಕೆನ್ನೆ ಹಿಂಡು. ನಿಮ್ಮ ಮನೆಯಲ್ಲಿ ಎಲ್ಲರಿಗೂ ಹಸಿವಾದಾಗ ಊಟ, ಆಯಾಸವಾದಾಗ ನಿದ್ದೆ ತಪ್ಪದೆ ಸಿಗಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೀಗ ತಿಳಿಯದು. ಅಣ್ಣನ ಪರವಾಗಿಯೂ ಇದನ್ನೇ ಹೇಳುತ್ತಿದ್ದೇನೆ.

ಇಂತು,
ನಿನ್ನ ಅತ್ತಿಗೆ
ವೃಂದಾ

ಮರೆತ ಮಾತು: ಕವರು ಅಂಟಿಸುವ ಮುಂಚೆ ಓದಿ ನೋಡಿದೆ. ಅಣ್ಣನಿಗಾಗಿ ಬಾ, ಅಮ್ಮನಿಗಾಗಿ ಬಾ ಎಂದು ಇಷ್ಟುದ್ದ ಬರೆದಿದ್ದೇನೆ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ರಾತ್ರಿ ಇವರಿಗೆ ಬಡಿಸಿ ಕೊಡುತ್ತೇನೆ, ಅಮ್ಮ ತಮ್ಮ ಪಾಡಿಗೆ ಹಾಕಿಕೊಂಡು ಉಣ್ಣುತ್ತಾರೆ, ಮಾನ್ಯಾ ತಟ್ಟೆ ಹಿಡಿದು ಟಿವಿ ಮುಂದೆ ಹೋಗುತ್ತಾಳೆ. ಉಳಿದದ್ದನ್ನು ನಾನು ಅಡಿಗೆ ಕಟ್ಟೆಯ ಹತ್ತಿರ ನಿಂತೇ ತಿಂದು ಮುಗಿಸುತ್ತೇನೆ. ನಿಂದು ಊಟ ಆಯ್ತಾ ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಒಬ್ಬರಿಗೆ ಕೇಳಲು ಬರುವುದಿಲ್ಲ, ಉಳಿದವರಿಗೆ ನೆನಪಾಗುವುದಿಲ್ಲ. ಮೊದಲೆಲ್ಲ ನೀನು ಇಲ್ಲಿಗೆ ಬಂದಾಗ ಉಂಡು ಕೈ ತೊಳೆದುಕೊಂಡು ಬಂದು, ಇನ್ನು ನೀವು ಕೂತ್ಕೊಳ್ಳಿ ಅತ್ತಿಗೆ, ನಾನು ಬಡಿಸ್ತೀನಿ ಎನ್ನುತ್ತಿದ್ದೆ. ಅನ್ನ ಯಾವಾಗಲೂ ಜಾಸ್ತಿ ಹಾಕುತ್ತಿದ್ದೆ. ಇಪ್ಪತ್ತೆಂಟಕ್ಕೆ ಬಂದರೆ ನನಗೂ ಒಂದು ಎಲೆ ಹಾಕು, ಪ್ರಮೋದಾ.